ಇಂದಿನ ಚಿಂತನೆ: ಒಂದು ಹನಿ ರಕ್ತದ ಲೆಕ್ಕ



ಕಳೆದ ಭಾನುವಾರ ಬಳಗದಲ್ಲಿ ಪಂಚಶೀಲದ ಮೊದಲ ಶೀಲದ ಬಗ್ಗೆ ಮಾತಾಡುತ್ತಿದ್ದಾಗ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಜೀವಹಿಂಸೆ ಮಾಡಲ್ಲ ಅಂತ ಶೀಲ ತಗೊಂತೀವಿ. ಇಲಿ ಮ್ಯಾಲೆ ಪ್ರಯೋಗ ಮಾಡಿದ ಗುಳಿಗೆ ನುಂಗ್ತೀವಿ. ಅದು ಹೆಂಗೆ?"

ನಾನು ಕನ್ನಡ ಮೇಷ್ಟ್ರು. ತಕ್ಷಣ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ಚುಚ್ಚಿದ್ದಕ್ಕೆ ಮನೆಯ ಕಾರಣವೂ ಇದೆ. ನಮ್ಮಣ್ಣನ ಹೃದಯದ ಸ್ನಾಯು ದುರ್ಬಲವಾಗಿದೆ. ಎಕೋ ವರದಿಯಲ್ಲಿ 'ಇ.ಎಫ್. 35' ಎಂದಿತ್ತು. ದಿನಾ ರಾತ್ರಿ ಗುಳಿಗೆ ಡಬ್ಬಿ ತುಂಬಿಡುವವನು ನಾನೇ. ಹಾಗಾಗಿ ಈ ವಾರ ಅದನ್ನೇ ಓದಿದೆ.

ಇ.ಎಫ್. ಎಂದರೆ ತುಂಬಿಕೊಂಡ ರಕ್ತದಲ್ಲಿ ಹೃದಯವು ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ಹೊರದೂಡುತ್ತದೆ ಎಂಬ ಲೆಕ್ಕ. ಆರೋಗ್ಯವಂತ ಮನುಷ್ಯನ ಎಡಹೃತ್ಕುಕ್ಷಿ ಸುಮಾರು 120 ಮಿ.ಲೀ. ತುಂಬಿಕೊಂಡು 70 ಮಿ.ಲೀ.ನಷ್ಟು ದೂಡುತ್ತದೆ. ಪ್ರಯೋಗಾಲಯದ ಬಿಳಿ ಸುಂಡಿಲಿಯಲ್ಲೂ ಇದೇ ಲೆಕ್ಕ ತೆಗೆಯುತ್ತಾರೆ. ಅದರ ಮೈತೂಕ 25 ಗ್ರಾಂ ಆಸುಪಾಸು. ಹೃದಯ ಒಂದು ಕಡಲೆಕಾಳಿನಷ್ಟು. ಎಡಹೃತ್ಕುಕ್ಷಿಯಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಒಂದು ಹನಿ ರಕ್ತ! ಆ ಹೃದಯ ನಿಮಿಷಕ್ಕೆ 500, 600 ಸಲ ಬಡಿಯುತ್ತದೆ.

ಇಷ್ಟು ಚಿಕ್ಕದನ್ನು ಅಳೆಯುವುದು ಹೇಗೆ? ನಮ್ಮ ಎಕೋ ಯಂತ್ರದ ಶಬ್ದತರಂಗ ಸೆಕೆಂಡಿಗೆ ಕೆಲವು ದಶಲಕ್ಷ ಸಲ ಕಂಪಿಸಿದರೆ ಸುಂಡಿಲಿಯ ಯಂತ್ರದ್ದು 2 ಕೋಟಿಯಿಂದ 4 ಕೋಟಿ ಸಲ. ಎದೆಯ ಕೂದಲು ತೆಗೆದು, ಬೆಚ್ಚಗಿನ ಜೆಲ್ ಹಚ್ಚಿ, ಬಿಸಿ ಹಲಗೆಯ ಮೇಲೆ ಮಲಗಿಸುತ್ತಾರೆ. ಎಂ.ಆರ್.ಐ.ನಲ್ಲೂ ಮಾಡುತ್ತಾರೆ. ಅದು ಇನ್ನೂ ನಿಖರ, ಆದರೆ ಸಮಯ, ಖರ್ಚು ಎರಡೂ ಜಾಸ್ತಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅರಿವಳಿಕೆಯ ವಿಷಯ. ಅದು ಸ್ವಲ್ಪ ಹೆಚ್ಚಾದರೂ ಸಾಕು, ಸುಂಡಿಲಿಯ ಮೈ ತಣ್ಣಗಾಗಿ ಬಡಿತ ಇಳಿಯುತ್ತದೆ. ಆಗ ಗಟ್ಟಿ ಹೃದಯವೂ ದುರ್ಬಲವಾಗಿ ಕಾಣುತ್ತದೆ. ಅದಕ್ಕೇ ಮೈಶಾಖವನ್ನು 37 ಡಿಗ್ರಿಯ ಹತ್ತಿರ ಕಾಯುತ್ತಾರೆ, ಬಡಿತದ ಮೇಲೆ ಕಣ್ಣಿಡುತ್ತಾರೆ. ಅವಸರದಲ್ಲಿ ಅಳೆದರೆ ಸಿಗುವ ಅಂಕಿ ಸುಳ್ಳು. ಪ್ರಾಣಿಗೆ ಕೊಟ್ಟ ಕಷ್ಟವೂ ವ್ಯರ್ಥ.

ಇಂಥ ಚಿತ್ರಣ ಇಲ್ಲದಿದ್ದರೆ ರೋಗ ಹೇಗೆ ಬೆಳೆಯುತ್ತದೆಂದು ನೋಡಲು ಎರಡನೇ ವಾರಕ್ಕೆ ಒಂದು ಗುಂಪು, ನಾಲ್ಕನೇ ವಾರಕ್ಕೆ ಇನ್ನೊಂದು ಗುಂಪು ಎಂದು ಸುಂಡಿಲಿಗಳನ್ನು ಕೊಂದು ಹೃದಯ ತೆಗೆಯಬೇಕು. ಈಗ ಅದೇ ಪ್ರಾಣಿಯನ್ನು ಮತ್ತೆ ಮತ್ತೆ ನೋಡಬಹುದು. ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲೇ ಬರೆದಿದ್ದರು: ಸಾಧ್ಯವಾದಲ್ಲಿ ಪ್ರಾಣಿ ಬಿಟ್ಟು ಬೇರೆ ದಾರಿ ಹಿಡಿಯಿರಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ನಮ್ಮಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ.

ಇದು ದೂರದ ಮಾತಲ್ಲ. ದಕ್ಷಿಣ ಏಷ್ಯಾದ ನೂರರಲ್ಲಿ ಸುಮಾರು ನಾಲ್ವರ ಹೃದಯಸ್ನಾಯುವಿನ ಒಂದು ಜೀನ್‌ನಲ್ಲಿ 25 ಅಕ್ಷರಗಳಷ್ಟು ತುಂಡು ಇಲ್ಲ, ಅಂಥವರಿಗೆ ಹೃದಯಸ್ನಾಯುವಿನ ಕಾಯಿಲೆಯ ಅಪಾಯ ಹೆಚ್ಚು ಎಂದು 2009ರಲ್ಲಿ ಪ್ರಕಟವಾಯಿತು. ಆ ಲೇಖನದ ಮೊದಲ ಲೇಖಕ ಪೆರುಂದುರೈ ಧಂಡಪಾಣಿ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸಂಶೋಧನಾ ತಂಡ ಕಟ್ಟಿದರು. ಜಿಕೆವಿಕೆ ಆವರಣದಲ್ಲಿರುವ ಆ ಸಂಸ್ಥೆಯ ವಿಳಾಸ ಬಳ್ಳಾರಿ ರಸ್ತೆ! ನಮ್ಮ ಕಡೆಯ ಬಸ್ಸು ಎಷ್ಟು ಸಲ ಅದರ ಮುಂದೆ ಹಾದುಹೋಗಿದೆಯೋ.

ಬಾಬಾಸಾಹೇಬರು ಬುದ್ಧ ಮತ್ತು ಧಮ್ಮದ ಬಗ್ಗೆ ಬರೆದ ಗ್ರಂಥದಲ್ಲಿ ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ವಿಂಗಡಿಸುತ್ತಾರೆ. ಅಹಿಂಸೆಯನ್ನು ಅವರು ಕಟ್ಟುನಿಟ್ಟಿನ ನಿಯಮವಾಗಿ ನೋಡಲಿಲ್ಲ, ತತ್ವವಾಗಿ ನೋಡಿದರು. ನಿಯಮವಾದರೆ ಪಾಲಿಸಿದರೆ ಮುಗಿಯಿತು. ತತ್ವವಾದರೆ ಪ್ರತಿ ಸಲವೂ ನಾವೇ ಯೋಚಿಸಬೇಕು. ಆದರೆ 'ಅಗತ್ಯ' ಎನ್ನುವುದು ಬಹಳ ಸುಲಭವಾಗಿ ಬಾಯಿಗೆ ಬರುವ ಮಾತು. ಹತ್ತು ಸುಂಡಿಲಿಯಲ್ಲಿ ಮುಗಿಯುವುದಕ್ಕೆ ನಲವತ್ತು ಬಳಸಿದರೆ ಉಳಿದ ಮೂವತ್ತು ಯಾವ ಅಗತ್ಯಕ್ಕೆ? ಬಿಸಿ ಹಲಗೆ, ಬಡಿತದ ಎಣಿಕೆ, ಸರಿಯಾದ ಅಂಕಿ, ಇವೆಲ್ಲ ನನಗೆ ಈಗ ಬರೀ ತಾಂತ್ರಿಕ ವಿವರವಾಗಿ ಕಾಣುತ್ತಿಲ್ಲ. ಪ್ರಯೋಗಾಲಯದಲ್ಲಿ ಮೊದಲ ಶೀಲ ಉಳಿಯುವುದಾದರೆ ಅಲ್ಲೇ ಉಳಿಯಬೇಕು.

ಈ ಭಾನುವಾರ ಆ ಹುಡುಗಿಗೆ ಇಷ್ಟು ಹೇಳಬೇಕೆಂದಿದ್ದೇನೆ. ಜಾಣೆ, ಅಷ್ಟಕ್ಕೆ ಬಿಡುವುದಿಲ್ಲ. ಕೊನೆಗೆ ಆ ಸುಂಡಿಲಿ ಏನಾಗುತ್ತದೆ ಎಂದು ಕೇಳೇ ಕೇಳುತ್ತಾಳೆ. ಹೆಚ್ಚಿನ ಪ್ರಯೋಗಗಳಲ್ಲಿ ಅದನ್ನು ಕೊಂದು ಹೃದಯದ ಸ್ನಾಯು ಪರೀಕ್ಷಿಸುತ್ತಾರೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಅಣ್ಣನ ಗುಳಿಗೆ ಡಬ್ಬಿ ನಾನೇ ತುಂಬುತ್ತೇನೆ ಎಂಬುದನ್ನೂ.

ಸಂಜೆ 5ಕ್ಕೆ, ಎಂದಿನ ಜಾಗ. ಎಲ್ಲರೂ ಬನ್ನಿ.