ಗಾಳದ ದಾರಿಯಲ್ಲೇ ಆಮೆಯ ದಾರಿ

ಕಡಲಾಮೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮರಳು. ಹೊನ್ನಾವರದ ಕಾಸರಕೋಡಿನಲ್ಲೋ ಕಾರವಾರದ ದೇವಬಾಗದಲ್ಲೋ ಚಳಿಗಾಲದ ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಟ್ಟು ಹೋಗುವ ಆಮೆ, ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುವ ಗೂಡು, ಒಂದು ಬೆಳಗ್ಗೆ ನೀರಿನತ್ತ ತೆವಳುವ ಮರಿಗಳು. ಪತ್ರಿಕೆಗಳಲ್ಲಿ ಬರುವ ಚಿತ್ರವೂ ಅದೇ. ಆದರೆ ಆಮೆಯ ಆಯುಸ್ಸಿನಲ್ಲಿ ಈ ದಡದ ಪಾಲು ಎಷ್ಟು? ಗಂಡು ಮರಿ ಒಮ್ಮೆ ನೀರಿಗಿಳಿದರೆ ಸಾಮಾನ್ಯವಾಗಿ ಮತ್ತೆ ದಡ ಹತ್ತುವುದೇ ಇಲ್ಲ. ಹೆಣ್ಣು ಬರುತ್ತದೆ, ಅದೂ ಬೆಳೆದ ಮೇಲೆ, ಬಂದಾಗ ಒಂದೆರಡು ಗಂಟೆ ಮಾತ್ರ. ಉಳಿದ ಬದುಕೆಲ್ಲ ನೀರಿನಲ್ಲಿ. ಅಲ್ಲಿ ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾರ ಗಾಳಕ್ಕೆ ಸಿಗುತ್ತದೆ ಎಂದು ತಿಳಿಯದಿದ್ದರೆ ಆಮೆಯನ್ನು ಉಳಿಸುವ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಹೊಸದಾಗಿ ಈ ವಿಷಯ ತಿಳಿಯಬಯಸುವವರಿಗೆ ನಾನು ಉತ್ತರ ಪೆಸಿಫಿಕ್ ಸಾಗರದ ಲಾಗರ್‌ಹೆಡ್ ಆಮೆಯಿಂದಲೇ ಶುರುಮಾಡಿ ಎನ್ನುತ್ತೇನೆ. ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲಿಗಿಂತ ಇದು ದೊಡ್ಡದು. ಬೆಳೆದಾಗ ನೂರು ಕಿಲೋದ ಆಸುಪಾಸು ತೂಗುತ್ತದೆ. ದೊಡ್ಡ ತಲೆ, ಚಿಪ್ಪನ್ನೂ ಏಡಿಯನ್ನೂ ಪುಡಿಮಾಡಬಲ್ಲ ದವಡೆ. ಇದನ್ನೇ ಆರಿಸಲು ಕಾರಣವಿದೆ. ಈ ಆಮೆ ಹುಟ್ಟುವುದು ಒಂದು ದೇಶದಲ್ಲಿ, ಬೆಳೆಯುವುದು ಯಾವ ದೇಶಕ್ಕೂ ಸೇರದ ನಡುಗಡಲಿನಲ್ಲಿ, ಕೆಲವು ಆಮೆಗಳು ಹರೆಯ ಕಳೆಯುವುದು ಸಾಗರದ ಆಚೆ ದಡದ ಇನ್ನೊಂದು ದೇಶದ ಪಕ್ಕ. ಮೂರೂ ಕಡೆ ಮೀನುಗಾರರಿದ್ದಾರೆ.

ಹುಟ್ಟೂರು ಜಪಾನ್. ಉತ್ತರ ಪೆಸಿಫಿಕ್‌ನಲ್ಲಿ ಲಾಗರ್‌ಹೆಡ್ ಮೊಟ್ಟೆಯಿಡುವುದು ಹೆಚ್ಚುಕಡಿಮೆ ಅಲ್ಲಿನ ದಡಗಳಲ್ಲಿ ಮಾತ್ರ. ಕ್ಯೂಷೂವಿನ ದಕ್ಷಿಣಕ್ಕಿರುವ ಯಾಕುಶಿಮಾ ದ್ವೀಪದ ನಾಗಾತ ಕಡಲತೀರ ಅವುಗಳಲ್ಲಿ ಮುಖ್ಯವಾದುದು. ಬೇಸಗೆಯಲ್ಲಿ ಹೆಣ್ಣಾಮೆ ಅಲ್ಲಿ ಗುಂಡಿ ತೋಡಿ ನೂರಕ್ಕೂ ಹೆಚ್ಚು ಮೊಟ್ಟೆಯಿಟ್ಟು ಮರಳು ಮುಚ್ಚಿ ಹೋಗುತ್ತದೆ. ಸುಮಾರು ಎರಡು ತಿಂಗಳ ಮೇಲೆ ಹೊರಬರುವ ಮರಿ ನಾಲ್ಕು ಸೆಂಟಿಮೀಟರಿಗಿಂತ ತುಸು ಉದ್ದ, ತೂಕ ಇಪ್ಪತ್ತು ಗ್ರಾಂ ಇದ್ದೀತು. ದಡದ ಹತ್ತಿರವೇ ಕುರೋಶಿಯೊ ಎಂಬ ಬಿಸಿನೀರಿನ ಪ್ರವಾಹ ಹರಿಯುತ್ತದೆ. ಅದರ ಜೊತೆ ಮರಿ ಪೂರ್ವಕ್ಕೆ ಸಾಗುತ್ತದೆ. ಮೊಟ್ಟೆಯಿಡಲು ಅದು ಮತ್ತೆ ಈ ಕಡೆಗೆ ಬರುವ ಹೊತ್ತಿಗೆ ಎರಡು ಮೂರು ದಶಕವೇ ಕಳೆದಿರುತ್ತದೆ.

ದಾರಿ ಗೊತ್ತಾಗುವುದು ಹೇಗೆ? ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದು, ವಿಜ್ಞಾನಿಗಳೂ ಇಲ್ಲಿಂದಲೇ ಹೊರಟರು. ಕೆನೆತ್ ಲೋಹ್ಮನ್ ಮತ್ತು ಸಂಗಡಿಗರು ಅಮೆರಿಕದ ಫ್ಲಾರಿಡಾದಲ್ಲಿ ಲಾಗರ್‌ಹೆಡ್ ಮರಿಗೆ ಮೆತ್ತನೆಯ ಪಟ್ಟಿ ಕಟ್ಟಿ ನೀರಿನ ತೊಟ್ಟಿಯಲ್ಲಿ ಈಜಲು ಬಿಟ್ಟರು. ತೊಟ್ಟಿಯ ಸುತ್ತ ವಿದ್ಯುತ್ ತಂತಿಯ ಸುರುಳಿ. ಅದರ ಮೂಲಕ ಅಟ್ಲಾಂಟಿಕ್‌ನ ಬೇರೆ ಬೇರೆ ಜಾಗಗಳ ಕಾಂತಕ್ಷೇತ್ರವನ್ನು ಅಲ್ಲೇ ಉಂಟುಮಾಡಿದರು. ಆಯಾ ಜಾಗದಲ್ಲಿ ನಿಜವಾಗಿಯೂ ಇದ್ದಿದ್ದರೆ ಪ್ರವಾಹದೊಳಗೇ ಉಳಿಯಲು ಯಾವ ದಿಕ್ಕಿಗೆ ತಿರುಗಬೇಕೋ ಮರಿಗಳು ಆ ದಿಕ್ಕಿಗೇ ತಿರುಗಿದವು. 2001ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳಿದ್ದಿಷ್ಟು: ಕಡಲನ್ನೇ ಕಂಡಿರದ ಮರಿಯೂ ಭೂಮಿಯ ಕಾಂತಕ್ಷೇತ್ರವನ್ನು ಓದಬಲ್ಲದು. ಇಷ್ಟು ಸಣ್ಣ ಜೀವಿಯೊಳಗೆ ಅಷ್ಟು ದೊಡ್ಡ ಅರಿವಿದೆ ಎಂಬುದನ್ನು ಪಾಠ ಮಾಡುವಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಪೆಸಿಫಿಕ್‌ನ ಆಚೆ ದಡದಲ್ಲಿ, ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಬಳಿ, ಎಳೆಯ ಲಾಗರ್‌ಹೆಡ್‌ಗಳು ಹೇರಳವಾಗಿ ಕಾಣುತ್ತಿದ್ದವು. ಆದರೆ ಅಲ್ಲಿ ಒಂದೂ ಗೂಡಿಲ್ಲ. ಇವು ಎಲ್ಲಿಯವು? 1995ರಲ್ಲಿ ಬ್ರಯನ್ ಬೋವನ್ ಮತ್ತು ಸಂಗಡಿಗರು ಡಿಎನ್ಎ ಹೋಲಿಸಿ ನೋಡಿದಾಗ ಬಹುಪಾಲು ಆಮೆಗಳ ಮೂಲ ಜಪಾನ್ ಎಂದು ತಿಳಿಯಿತು. 1994ರಲ್ಲಿ ಬಾಹಾದಲ್ಲಿ ಗುರುತಿನ ಬಿಲ್ಲೆ ಹಾಕಿ ಬಿಟ್ಟ ಒಂದು ಆಮೆ ಮರುವರ್ಷ ಕ್ಯೂಷೂ ಬಳಿ ಜಪಾನೀ ಮೀನುಗಾರರ ಕೈಗೆ ಸಿಕ್ಕಿತ್ತು. ನಡುವಿನ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿದ್ದು ಮಾತ್ರ ಅಡೆಲಿಟಾ. ಎಳೆಯದಿದ್ದಾಗ ಬಾಹಾದಲ್ಲಿ ಮೀನುಗಾರರಿಗೆ ಸಿಕ್ಕು, ಹತ್ತು ವರ್ಷ ಸಂಶೋಧನಾ ಕೇಂದ್ರದ ತೊಟ್ಟಿಯಲ್ಲಿ ಬೆಳೆದ ಹೆಣ್ಣಾಮೆ ಅದು. 1996ರ ಆಗಸ್ಟ್‌ನಲ್ಲಿ ವ್ಯಾಲೇಸ್ ಜೆ. ನಿಕೋಲ್ಸ್ ಮತ್ತು ಜೊತೆಗಾರರು ಅದರ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಅಂಟಿಸಿ ಕಡಲಿಗೆ ಬಿಟ್ಟರು. ತೊಟ್ಟಿಯಲ್ಲಿ ಬೆಳೆದ ಆ ಆಮೆ ಪಶ್ಚಿಮಕ್ಕೆ ಮುಖಮಾಡಿತು. 368 ದಿನಗಳಲ್ಲಿ 11,500 ಕಿಲೋಮೀಟರಿಗೂ ಹೆಚ್ಚು ಈಜಿ ಜಪಾನ್ ತಲುಪಿತು. ಸೆಂಡಾಯ್ ನಗರದ ಆಸುಪಾಸಿನಲ್ಲಿ ಸಂಕೇತ ನಿಂತಿತು. ಕೊನೆಯ ಸಂಕೇತಗಳ ಜಾಡು ನೋಡಿದವರು ಅದು ಮೀನುಗಾರಿಕೆ ದೋಣಿಗೆ ಸಿಕ್ಕಿರಬೇಕೆಂದು ಊಹಿಸಿದರು.

ಈಗ ನಡುಗಡಲಿಗೆ ಬರೋಣ. ಈ ವಿಷಯದ ತಿರುಳಿರುವುದು ಅಲ್ಲಿ.

ಉತ್ತರದಲ್ಲಿ ಪೋಷಕಾಂಶ ತುಂಬಿದ ತಣ್ಣೀರು, ದಕ್ಷಿಣದಲ್ಲಿ ಬಡವಾದ ಬಿಸಿನೀರು. ಇವೆರಡೂ ಸೇರುವ ಗೆರೆ ಪೆಸಿಫಿಕ್‌ನ ಈ ಅಂಚಿನಿಂದ ಆ ಅಂಚಿನವರೆಗೆ ಚಾಚಿದೆ. ಅಳಿವೆಯಲ್ಲಿ ಹೊಳೆಯ ನೀರೂ ಕಡಲ ನೀರೂ ಕೂಡುವಲ್ಲಿ ನೊರೆ, ಎಲೆ, ಕಸಕಡ್ಡಿ ಸಾಲುಗಟ್ಟಿ ನಿಲ್ಲುವುದನ್ನು ನೋಡಿದ್ದೀರಲ್ಲ, ಇಲ್ಲಿ ಆಗುವುದೂ ಅದೇ, ಸಾವಿರಾರು ಕಿಲೋಮೀಟರ್ ಉದ್ದಕ್ಕೆ. ಭಾರವಾದ ತಣ್ಣೀರು ಬಿಸಿನೀರಿನ ಕೆಳಗೆ ಇಳಿಯುತ್ತದೆ, ತೇಲುವ ಜೀವಿಗಳು ಮೇಲೆ ಉಳಿದು ಗುಂಪುಗೂಡುತ್ತವೆ. ಲೋಳೆಮೀನು, ನೇರಳೆ ಬಣ್ಣದ ತೇಲುವ ಬಸವನಹುಳು, ತೇಲುವ ಕಸಕ್ಕೆ ಅಂಟಿಕೊಂಡು ಬೆಳೆಯುವ ಚಿಪ್ಪುಜೀವಿಗಳು, ಎಲ್ಲವೂ ಎಳೆಯ ಲಾಗರ್‌ಹೆಡ್‌ನ ಊಟ. ಹವಾಯಿಯ ಜೆಫ್ರಿ ಪೊಲೊವಿನಾ ಮತ್ತು ಸಂಗಡಿಗರು ಉಪಗ್ರಹದ ಚಿತ್ರಗಳಲ್ಲಿ ನೀರಿನ ಹಸಿರು ಬಣ್ಣವನ್ನು ನೋಡಿ ಈ ಗೆರೆಯನ್ನು ಗುರುತಿಸಿದರು, ಆಮೆಗಳ ಜಾಡನ್ನು ಅದರ ಮೇಲಿಟ್ಟು ನೋಡಿದರು. ಆಮೆಗಳು ಗೆರೆಯಗುಂಟ ಸಾಗುತ್ತಿದ್ದವು. ಚಳಿಗಾಲಕ್ಕೂ ಬೇಸಗೆಗೂ ನಡುವೆ ಈ ಗೆರೆ ಸುಮಾರು ಸಾವಿರ ಕಿಲೋಮೀಟರ್ ಉತ್ತರ ದಕ್ಷಿಣವಾಗಿ ಸರಿಯುತ್ತದೆ. ಆಮೆಯ ದಾರಿಯೂ ಅದರೊಂದಿಗೆ ಸರಿಯುತ್ತದೆ. ಹಾಗಾಗಿ ಭೂಪಟದಲ್ಲಿ ಒಂದು ಚೌಕ ಬರೆದು ಇದು ಆಮೆಯ ರಕ್ಷಿತಾರಣ್ಯ ಎಂದು ಹೇಳಿಬಿಡಲು ಬರುವುದಿಲ್ಲ.

ಅದೇ ಗೆರೆಗೆ ಬೊಂಡಾಸ್ (ಸ್ಕ್ವಿಡ್) ಬರುತ್ತದೆ. ಬೊಂಡಾಸ್ ತಿನ್ನಲು ಕತ್ತಿಮೀನು ಬರುತ್ತದೆ. ಕತ್ತಿಮೀನಿನ ಹಿಂದೆ ಲಾಂಗ್‌ಲೈನ್ ದೋಣಿ ಬರುತ್ತದೆ. ಹತ್ತಾರು ಕಿಲೋಮೀಟರ್ ಉದ್ದದ ಒಂದು ಮುಖ್ಯ ದಾರ, ಅದಕ್ಕೆ ತೇಲುಬುರುಡೆಗಳು, ನಡುನಡುವೆ ಇಳಿಬಿಟ್ಟ ಕವಲು ದಾರಗಳು, ಪ್ರತಿ ಕವಲಿನ ತುದಿಗೆ ಒಂದು ಗಾಳ. ಕತ್ತಿಮೀನಿಗಾದರೆ ಸಂಜೆ ಬಿಟ್ಟು ಬೆಳಗ್ಗೆ ಎಳೆಯುತ್ತಾರೆ. ಗಾಳಗಳು ನೂರು ಮೀಟರಿಗಿಂತ ಮೇಲೆಯೇ ಇರುತ್ತವೆ, ಹೊಳೆಯುವ ಬೆಳಕಿನ ಕಡ್ಡಿಗಳನ್ನೂ ಕಟ್ಟುತ್ತಾರೆ. ಟ್ಯೂನಕ್ಕಾದರೆ ಹಗಲಲ್ಲಿ, ಇನ್ನೂ ಬಹಳ ಆಳಕ್ಕೆ. ಲಾಗರ್‌ಹೆಡ್ ತನ್ನ ಕಾಲದ ಹತ್ತರಲ್ಲಿ ಒಂಬತ್ತು ಪಾಲನ್ನು ಮೇಲಿನ ನಲವತ್ತು ಮೀಟರಿನೊಳಗೇ ಕಳೆಯುತ್ತದೆ. ಕತ್ತಿಮೀನಿನ ಗಾಳಕ್ಕೆ ಅದು ಏಕೆ ಹೆಚ್ಚು ಸಿಗುತ್ತದೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಮೀನುಗಾರ ಆಮೆಯನ್ನು ಹುಡುಕಿಕೊಂಡು ಹೋದದ್ದಲ್ಲ, ಆಮೆ ದಾರಿ ತಪ್ಪಿ ಬಂದದ್ದೂ ಅಲ್ಲ. ಇಬ್ಬರನ್ನೂ ಅಲ್ಲಿಗೆ ಕರೆತಂದದ್ದು ಒಂದೇ ಗೆರೆ.

ಲಾಂಗ್‌ಲೈನಿಗಿಂತ ಮೊದಲು ಇಲ್ಲಿ ಇದಕ್ಕಿಂತ ದೊಡ್ಡ ಕೇಡಿತ್ತು: ತೇಲಿಬಿಡುವ ಬೀಡುಬಲೆಗಳು, ಹತ್ತಾರು ಕಿಲೋಮೀಟರ್ ಉದ್ದದವು. ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯದಂತೆ 1992ರ ಕೊನೆಯ ಹೊತ್ತಿಗೆ ನಡುಗಡಲಿನಲ್ಲಿ ಅವುಗಳಿಗೆ ತಡೆ ಬಿತ್ತು. ಮುಂದೆ 1999ರಲ್ಲಿ ಪರಿಸರ ಸಂಘಟನೆಗಳು ಹವಾಯಿಯ ಲಾಂಗ್‌ಲೈನ್ ವಿಷಯವನ್ನು ಹೊನೊಲುಲುವಿನ ನ್ಯಾಯಾಲಯಕ್ಕೆ ಒಯ್ದವು. 2001ರಲ್ಲಿ ಹವಾಯಿಯ ಕತ್ತಿಮೀನು ಹಿಡಿಯುವ ಕಸುಬು ಪೂರ್ತಿ ನಿಂತಿತು. ಆಮೆಗೆ ಗೆಲುವಾಯಿತೆಂದು ಅನ್ನಿಸಬಹುದು. ಆದರೆ ಅಮೆರಿಕದವರ ತಟ್ಟೆಯಲ್ಲಿ ಕತ್ತಿಮೀನು ಕಡಿಮೆಯಾಗಲಿಲ್ಲ. ಬೇರೆ ದೇಶಗಳ ದೋಣಿಗಳು ಹಿಡಿದು ಕಳಿಸಿದವು, ಆಮೆಗಾಗಿ ಅಂಥ ಕಟ್ಟುನಿಟ್ಟು ಇಲ್ಲದ ಕಡೆಗಳಿಂದಲೂ. ಒಂದು ಬಂದರಿನ ದೋಣಿಗಳನ್ನು ಕಟ್ಟಿಹಾಕಿದರೆ ಗಾಳ ಕಡಲಿನಿಂದ ಮೇಲೆ ಬರುವುದಿಲ್ಲ, ಜಾಗ ಬದಲಿಸುತ್ತದೆ. ಆಮೆಯ ಮೇಲಿನ ಪ್ರೀತಿಯಿಂದಲೇ ಮೀನುಗಾರನನ್ನು ವೈರಿಯೆಂದು ಎಣಿಸುವವರು 2004ರವರೆಗಿನ ಈ ಮೂರು ವರ್ಷಗಳ ಕತೆಯನ್ನು ತಪ್ಪದೆ ಓದಬೇಕು.

ಉತ್ತರ ಸಿಕ್ಕಿದ್ದು ಗಾಳದಲ್ಲೇ. ಹಳೆಯ ಗಾಳದ ಮೊನೆ ದಂಡಕ್ಕೆ ಸಮನಾಗಿ ನೆಟ್ಟಗೆ ಮೇಲೆ ನೋಡುತ್ತದೆ. ಅದಕ್ಕೆ ಬೊಂಡಾಸ್ ಸಿಕ್ಕಿಸಿರುತ್ತಿದ್ದರು. ಬೊಂಡಾಸ್ ರಬ್ಬರಿನಂತೆ ಗಟ್ಟಿ, ಹರಿಯುವುದಿಲ್ಲ. ಆಮೆ ಅದನ್ನು ಕಚ್ಚಿ ತುಂಡು ಮಾಡಲಾಗದೆ ಗಾಳದ ಸಮೇತ ನುಂಗುತ್ತದೆ. ಗಾಳ ಗಂಟಲಿಗೋ ಹೊಟ್ಟೆಗೋ ನಾಟುತ್ತದೆ. ಹೊಸ ಗಾಳ ದುಂಡಗಿದ್ದು ಅಗಲವಾಗಿದೆ, ಮೊನೆ ಒಳಕ್ಕೆ, ದಂಡದ ಕಡೆಗೆ ಬಾಗಿದೆ. ಆಮೆಯ ಬಾಯಿಗೆ ಅದು ಸುಲಭಕ್ಕೆ ಹಿಡಿಸುವುದಿಲ್ಲ, ಒಳಗೆ ಹೋದರೂ ಹೆಚ್ಚಾಗಿ ದವಡೆಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಬೊಂಡಾಸಿನ ಬದಲು ಬಂಗುಡೆಯ ಜಾತಿಯ ಮೀನು ಕಟ್ಟಿದರು. ಮೀನಿನ ಮಾಂಸವನ್ನು ಆಮೆ ಚೂರುಚೂರಾಗಿ ಕಿತ್ತು ತಿನ್ನುತ್ತದೆ, ಗಾಳ ಹೊರಗೇ ಉಳಿಯುತ್ತದೆ. ಅಟ್ಲಾಂಟಿಕ್‌ನಲ್ಲಿ ಮೀನುಗಾರರ ದೋಣಿಗಳಲ್ಲೇ ಮೊದಲು ಪರೀಕ್ಷಿಸಿದ ಈ ಜೋಡಿಯನ್ನು 2004ರಲ್ಲಿ ಹವಾಯಿಯಲ್ಲಿ ಕಡ್ಡಾಯ ಮಾಡಿ ಕಸುಬನ್ನು ಮತ್ತೆ ತೆರೆದರು. ಪ್ರತಿ ದೋಣಿಯಲ್ಲೂ ಒಬ್ಬ ವೀಕ್ಷಕ. ವರ್ಷಕ್ಕೆ 17 ಲಾಗರ್‌ಹೆಡ್ ಅಥವಾ ಲೆದರ್‌ಬ್ಯಾಕ್ ಎಂಬ ಇನ್ನೊಂದು ಜಾತಿಯ 16 ಕಡಲಾಮೆಗಳು ಗಾಳಕ್ಕೆ ಸಿಕ್ಕಿದರೆ ಆ ವರ್ಷದ ಕಸುಬು ಬಂದ್ ಎಂಬುದು ಆಗಿನ ನಿಯಮವಾಗಿತ್ತು. 2006ರಲ್ಲಿ ಮಾರ್ಚ್ ತಿಂಗಳಲ್ಲೇ ಆ 17 ಮುಟ್ಟಿ ಬಾಗಿಲು ಮುಚ್ಚಬೇಕಾಯಿತು. ಆದರೂ ಮೊದಲಿಗೆ ಹೋಲಿಸಿದರೆ ಲಾಗರ್‌ಹೆಡ್ ಸಿಗುವ ಪ್ರಮಾಣ ಶೇಕಡಾ 90ರಷ್ಟು ಇಳಿದಿತ್ತು. ಕತ್ತಿಮೀನಿನ ಹಿಡಿತ ಕುಸಿಯಲಿಲ್ಲ.

ಅದೇ ವರ್ಷದ ಕೊನೆಗೆ ಪೊಲೊವಿನಾ ಮತ್ತಿತರರ ಕೇಂದ್ರ ಟರ್ಟಲ್‌ವಾಚ್ ಎಂಬ ನಕ್ಷೆ ಹೊರತಂದಿತು. ಸುಮಾರು 17.5ರಿಂದ 18.5 ಡಿಗ್ರಿ ಸೆಲ್ಸಿಯಸ್ ಇರುವ ನೀರಿನ ಪಟ್ಟಿ ಆ ದಿನ ಎಲ್ಲಿದೆ ಎಂದು ಅದು ತೋರಿಸುತ್ತದೆ. ಅಲ್ಲಿ ಗಾಳ ಬಿಡಬೇಡಿ ಎಂಬುದಷ್ಟೇ ಸಲಹೆ. ಗೆರೆ ಸರಿದಂತೆ ನಕ್ಷೆಯೂ ಸರಿಯುತ್ತದೆ.

ದೊಡ್ಡ ಹಡಗುಗಳ ಕಡೆಗೇ ಎಲ್ಲರೂ ನೋಡುತ್ತಿದ್ದಾಗ ಬಾಹಾದಿಂದ ಕಹಿ ಸುದ್ದಿ ಬಂತು. ಹಾಯ್ಟ್ ಪೆಕಮ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಎರಡು ಸಣ್ಣ ದೋಣಿ ಸಮೂಹಗಳ ತಳಬಲೆ ಮತ್ತು ತಳಗಾಳಗಳಿಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಲಾಗರ್‌ಹೆಡ್ ಬಲಿಯಾಗುತ್ತಿದ್ದವು. ಇಡೀ ಉತ್ತರ ಪೆಸಿಫಿಕ್‌ನ ದೊಡ್ಡ ಲಾಂಗ್‌ಲೈನ್ ಹಡಗುಗಳ ಲೆಕ್ಕಕ್ಕೆ ಸರಿಗಟ್ಟುವ ಸಂಖ್ಯೆ ಅದು. ತಳಬಲೆಗೆ ಸಿಕ್ಕ ಆಮೆಗೆ ಉಸಿರಾಡಲು ಮೇಲೆ ಬರಲಾಗದು, ಮುಳುಗಿಯೇ ಸಾಯುತ್ತದೆ. ಸಾವಿರಾರು ಕಿಲೋಮೀಟರ್ ನಡುಗಡಲನ್ನು ದಾಟಿ ಬಂದ ಆಮೆ ಕರಾವಳಿಯ ಸಮೀಪ, ಸಣ್ಣ ದೋಣಿಯವರ ಬಲೆಯಲ್ಲಿ ಸತ್ತದ್ದು ಇದನ್ನು ಓದಿದ ಯಾರನ್ನೂ ಕಲಕದೆ ಬಿಡದು. ಜಪಾನ್, ಹವಾಯಿ, ಮೆಕ್ಸಿಕೋಗಳ ಮೀನುಗಾರರು ಒಬ್ಬರ ಊರಿಗೆ ಒಬ್ಬರು ಹೋಗಿ ಒಂದೇ ಆಮೆಯ ಬಗ್ಗೆ ಮಾತಾಡಿದರು. ಬಾಹಾದ ಕೆಲವರು ತಮ್ಮ ತಳಗಾಳಗಳನ್ನು ತಾವೇ ಬಿಟ್ಟುಕೊಟ್ಟರು. ಸರ್ಕಾರದ ಆದೇಶಕ್ಕಿಂತ ಈ ಭೇಟಿಗಳ ಮೇಲೆ ನನಗೆ ಹೆಚ್ಚು ಭರವಸೆ.

ನಮ್ಮ ಹಿಂದೂ ಮಹಾಸಾಗರದಲ್ಲೂ ಕತೆ ಇದೇ ಜಾತಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತು ದಕ್ಷಿಣ್ ಫೌಂಡೇಶನ್‌ನ ಸಂಶೋಧಕರು 2011ರಿಂದ ಕೆಲವು ವರ್ಷ ಲಿಟಲ್ ಅಂಡಮಾನ್‌ನಲ್ಲಿ ಮೊಟ್ಟೆಯಿಟ್ಟ ಲೆದರ್‌ಬ್ಯಾಕ್‌ಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿದರು. ಕೆಲವು ಆಮೆಗಳು ಆಸ್ಟ್ರೇಲಿಯಾದ ಕಡೆಗೆ ಹೋದವು. ಇನ್ನು ಕೆಲವು ಆಫ್ರಿಕಾದ ಕಡೆಗೆ ಸಾಗಿದವು, ಅದರಲ್ಲೊಂದು 13,000 ಕಿಲೋಮೀಟರಿಗೂ ಹೆಚ್ಚು ಈಜಿ ಮೊಜಾಂಬಿಕ್ ಬಳಿ ತಲುಪಿತು. ಆ ದಾರಿಯುದ್ದಕ್ಕೂ ಟ್ಯೂನ ಹಿಡಿಯುವ ಲಾಂಗ್‌ಲೈನ್‌ಗಳಿವೆ. ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನ ಆಯೋಗ 2012ರ ನಿರ್ಣಯದಲ್ಲಿ ಲಾಂಗ್‌ಲೈನ್ ದೋಣಿಗಳು ದಾರ ಕತ್ತರಿಸುವ ಮತ್ತು ಗಾಳ ಬಿಡಿಸುವ ಸಲಕರಣೆ ಇಟ್ಟುಕೊಂಡಿರಬೇಕೆಂದು ಹೇಳಿದೆ.

ಸಲಕರಣೆಯಿದ್ದರೆ ಸಾಲದು, ಕೈಗೆ ಅಭ್ಯಾಸವೂ ಬೇಕು. ಗಾಳಕ್ಕೆ ಸಿಕ್ಕ ಆಮೆಯನ್ನು ದಾರ ಹಿಡಿದು ಮೇಲೆತ್ತಬಾರದು, ಗಾಳ ಇನ್ನಷ್ಟು ಆಳಕ್ಕೆ ನಾಟುತ್ತದೆ. ಹಿಡಿಬಲೆಯಲ್ಲಿ ಎತ್ತಬೇಕು. ಗಾಳ ಕಣ್ಣಿಗೆ ಕಂಡರೆ ಬಿಡಿಸಬೇಕು. ನುಂಗಿಬಿಟ್ಟಿದ್ದರೆ ಕೀಳಲು ಹೋಗದೆ ದಾರವನ್ನು ಬಾಯಿಗೆ ಆದಷ್ಟು ಹತ್ತಿರ ಕತ್ತರಿಸಬೇಕು. ಅಲುಗದೆ ಬಿದ್ದ ಆಮೆ ಸತ್ತಿದೆ ಎಂದು ಕಡಲಿಗೆ ಎಸೆಯಬಾರದು, ನೀರು ಕುಡಿದು ಎಚ್ಚರ ತಪ್ಪಿರಬಹುದು. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗ ಗೇಣಿನಷ್ಟು ಎತ್ತರಿಸಿ, ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿಟ್ಟರೆ ಶ್ವಾಸಕೋಶದ ನೀರು ಇಳಿಯುತ್ತದೆ. ಚೇತರಿಸಲು ಕೆಲವೊಮ್ಮೆ ನಾಲ್ಕು ಗಂಟೆ, ಕೆಲವೊಮ್ಮೆ ಇಡೀ ದಿನ. ಆಮೇಲೆ ಎಂಜಿನ್ನನ್ನು ನ್ಯೂಟ್ರಲ್‌ಗೆ ತಂದು, ಸುತ್ತ ಗಾಳ ಬಲೆ ಇಲ್ಲದ ಕಡೆ, ತಲೆ ಮುಂದಾಗಿ ನೀರಿಗೆ ಬಿಡಬೇಕು.