ಸ್ಟೇರಿಂಗ್ ಎಲ್ಲರೂ ಹಿಡಿಯುತ್ತಾರೆ, ನೀವು ಮೂರು ಪಿನ್ ಹಿಡಿಯಿರಿ

ವಿಜಯಪುರ ಜಿಲ್ಲೆಯ ತಂಗಡಗಿಯಂಥ ಊರಲ್ಲಿ ಟ್ರ್ಯಾಕ್ಟರ್ ಹೊಡೆಯಲು ಬರುವವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ಟ್ರ್ಯಾಕ್ಟರ್ ಹಿಂದಿನ ಮೂರು ಪಾಯಿಂಟ್ ಸರಿಯಾಗಿ ಸೆಟ್ ಮಾಡುವವರು? ಹುಡುಕಬೇಕು. ಕೃಷ್ಣೆಯ ದಂಡೆಯ ಎರಿ ಭೂಮಿ ಹದಕ್ಕೆ ಬರುವುದು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಎಲ್ಲರಿಗೂ ಬೇಕಾಗುವುದು ಕೆಲಸ ಕೆಡಿಸದ ಡ್ರೈವರ್. ಐಟಿಐ ಮುಗಿಸಿ ಕೆಲಸ ಹುಡುಕುತ್ತಿದ್ದೀರಾ? ಕೃಷಿ ಯಂತ್ರಧಾರೆ ಕೇಂದ್ರ ಸೇರುವ ಆಸೆಯೇ? ಅಪ್ಪನ ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವ ಪ್ಲಾನ್ ಇದೆಯೇ? ಹಾಗಾದರೆ ಈ ಸೂತ್ರಗಳು ನಿಮಗೇ.

1. ಸೀಟಿನಿಂದ ಇಳಿಯಿರಿ, ಹಿಂದೆ ಹೋಗಿ ನೋಡಿ.
ಕೆಳಗೆ ಎರಡು ಲೋವರ್ ಲಿಂಕ್, ಮೇಲೆ ಒಂದು ಟಾಪ್ ಲಿಂಕ್. ಲೋವರ್ ಲಿಂಕ್‌ಗಳನ್ನು ಎತ್ತುವ ಎರಡು ಲಿಫ್ಟ್ ರಾಡ್, ಅಕ್ಕಪಕ್ಕ ಜೋಲಾಡದಂತೆ ತಡೆಯುವ ಚೈನು. ಇಷ್ಟೇ. ಪ್ರತಿಯೊಂದನ್ನೂ ಮುಟ್ಟಿ ಹೆಸರು ಹೇಳಿ. ಹೆಸರು ಗೊತ್ತಿದ್ದವನು ಸ್ಪೇರ್ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ.

2. ಯಾಕೆ ಮೂರು ಎಂಬುದನ್ನು ತಿಳಿಯಿರಿ.
ಮೊದಲು ನೇಗಿಲನ್ನು ಟ್ರ್ಯಾಕ್ಟರ್ ಹಿಂದೆ ಗಾಡಿಯ ಹಾಗೆ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೆ ಸಿಕ್ಕರೆ ಟ್ರ್ಯಾಕ್ಟರ್ ಮುಂದಿನ ಗಾಲಿ ಎತ್ತಿ ಡ್ರೈವರ್ ಮೇಲೆಯೇ ಮಗುಚುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇದಕ್ಕೆ ದಾರಿ ಹುಡುಕಿದ. 1926ರಲ್ಲಿ ಪೇಟೆಂಟ್ ಪಡೆದ, 1939ರಲ್ಲಿ ಫೋರ್ಡ್ ಜೊತೆ ಸೇರಿ 9ಎನ್ ಟ್ರ್ಯಾಕ್ಟರ್ ಮಾರುಕಟ್ಟೆಗೆ ತಂದ. ಅವನ ಲೆಕ್ಕ ಇದು: ಮಣ್ಣು ನೇಗಿಲನ್ನು ಹಿಂದಕ್ಕೆ ತಡೆಯುವಾಗ ನೇಗಿಲಿನ ಮೇಲ್ಭಾಗ ಮುಂದಕ್ಕೆ ಬಾಗಲು ನೋಡುತ್ತದೆ. ಆ ಒತ್ತಡ ಟಾಪ್ ಲಿಂಕ್ ಮೂಲಕ ಟ್ರ್ಯಾಕ್ಟರ್‌ಗೆ ಬಂದು ಮುಂದಿನ ಗಾಲಿ ಏಳದಂತೆ ಹಿಡಿಯುತ್ತದೆ. ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಗಾಲಿ ಜಾರುವುದು ಕಡಿಮೆಯಾಗುತ್ತದೆ. 25 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಎರಿಯಲ್ಲಿ ಗಟ್ಟಿಯಾಗಿ ಎಳೆಯುವುದು ಈ ಜ್ಯಾಮಿತಿಯಿಂದ. ಇಂಜಿನ್ ದೊಡ್ಡದಿರಲಿ ಎಂದು ಆಸೆಪಡುವ ಮೊದಲು ಇರುವ ಲಿಂಕ್ ಸರಿಯಾಗಿ ಬಳಸಿ.

3. ಪಿನ್ ಅಳೆಯಿರಿ, ಅಂದಾಜು ಬೇಡ.
ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಟಗರಿ 1 ಅಥವಾ ಅದರ ಕಿರಿದಾದ ರೂಪ 1ಎನ್ ಇರುತ್ತದೆ. ಕೆಳಗಿನ ಪಿನ್ 22 ಮಿ.ಮೀ., ಮೇಲಿನದು 19 ಮಿ.ಮೀ. ದೊಡ್ಡ ಟ್ರ್ಯಾಕ್ಟರ್‌ಗಳ ಕ್ಯಾಟಗರಿ 2ರಲ್ಲಿ ಇದು 28 ಮತ್ತು 25. ಬಾಡಿಗೆಗೆ ತಂದ ದೊಡ್ಡ ಕಲ್ಟಿವೇಟರ್‌ನ ತೂತಿಗೆ ಸಣ್ಣ ಪಿನ್ ತುರುಕಿದರೆ ಅದು ಒಳಗೇ ಆಡಿ ತೂತು ಅಗಲ ಮಾಡುತ್ತದೆ. ಬುಶ್ ಹಾಕಿ. ಲಿಂಚ್ ಪಿನ್ ಕಳೆದಿದ್ದರೆ ಹೊಸದು ತನ್ನಿ, ಮೊಳೆ ಬಗ್ಗಿಸಿ ಚುಚ್ಚಬೇಡಿ. ಅಂಥ ಜುಗಾಡಕ್ಕೆ ಜಾಣತನ ಎಂದು ಹೆಸರಿಡುವ ಚಟ ನಮ್ಮಲ್ಲಿದೆ. ಬಿಡಿ.

4. ಎಡ, ಬಲ, ಮೇಲೆ. ಕಟ್ಟುವ ಕ್ರಮ ತಪ್ಪಿಸಬೇಡಿ.
ಮೊದಲು ಎಡ ಲೋವರ್ ಲಿಂಕ್, ಆಮೇಲೆ ಬಲ, ಕೊನೆಗೆ ಟಾಪ್ ಲಿಂಕ್. ಎತ್ತರ ಹೆಚ್ಚುಕಡಿಮೆ ಮಾಡುವ ಲೆವೆಲಿಂಗ್ ಹ್ಯಾಂಡಲ್ ಸಾಮಾನ್ಯವಾಗಿ ಬಲಗಡೆ ಇರುವುದರಿಂದ ಎಡದ್ದು ಮೊದಲು ಕೂರಬೇಕು. ಬಿಚ್ಚುವಾಗ ತಿರುಗುಮುರುಗು. ಟ್ರ್ಯಾಕ್ಟರ್‌ಗೂ ಉಪಕರಣಕ್ಕೂ ನಡುವೆ ನಿಲ್ಲುವ ಮೊದಲು ಇಂಜಿನ್ ಆಫ್ ಮಾಡಿ, ಬ್ರೇಕ್ ಹಾಕಿ.

5. ಅಡ್ಡ ಲೆವೆಲ್ ಮೊದಲು.
ಸಮನೆಲದಲ್ಲಿ ನಿಲ್ಲಿಸಿ. ಹಿಂದಿನ ಎರಡೂ ಟೈರ್‌ಗಳ ಗಾಳಿ ಸಮ ಇದೆಯೇ ನೋಡಿ. ಒಂದರಲ್ಲಿ ಗಾಳಿ ಕಡಿಮೆಯಿದ್ದರೆ ನೀವು ತಿರುಗಿಸುವ ಹ್ಯಾಂಡಲ್‌ಗೆ ಅರ್ಥವಿಲ್ಲ. ಕಲ್ಟಿವೇಟರ್, ರೋಟಾವೇಟರ್, ಕೂರಿಗೆ ಎಲ್ಲವೂ ಅಡ್ಡಕ್ಕೆ ಸಮ ಇರಬೇಕು. ಒಂದೇ ಕಡೆಗೆ ಮಣ್ಣು ಮಗುಚುವ ನೇಗಿಲು ಬೇರೆ: ಮೊದಲ ಸಾಲು ಮುಗಿದ ಮೇಲೆ ಬಲಗಾಲಿ ಸಾಲಿನೊಳಗೆ ಇಳಿದು ಟ್ರ್ಯಾಕ್ಟರ್ ಬಲಕ್ಕೆ ವಾಲುತ್ತದೆ. ಆಗ ಬಲ ಲಿಫ್ಟ್ ರಾಡ್ ಗಿಡ್ಡ ಮಾಡಿ ನೇಗಿಲನ್ನು ನೆಲಕ್ಕೆ ಸಮ ತನ್ನಿ.

ಚೌಕು ಮಡಿ ಹಾಕುವವರಿಗೆ ಈ ಅಡ್ಡ ಲೆವೆಲ್ ಇನ್ನೂ ಮುಖ್ಯ. ವಿಜಯಪುರದಲ್ಲಿ 1930ರ ದಶಕದಿಂದಲೂ ಒಣಬೇಸಾಯದ ಸಂಶೋಧನೆ ನಡೆದಿದೆ. ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವ ಚೌಕು ಮಡಿ ಹಿಂಗಾರಿ ಜೋಳಕ್ಕೆ ಎಷ್ಟು ಆಸರೆ ಎಂಬುದು ಇಲ್ಲಿನ ರೈತರಿಗೆ ಗೊತ್ತು. ಬದು ಹಾಕುವ ಉಪಕರಣ ಒಂದು ಕಡೆಗೆ ವಾಲಿದ್ದರೆ ಬದು ಒಂದು ಮಗ್ಗುಲಿಗೆ ತೆಳುವಾಗುತ್ತದೆ, ಮೊದಲ ದೊಡ್ಡ ಮಳೆಗೆ ಅಲ್ಲೇ ಒಡೆಯುತ್ತದೆ.

6. ಟಾಪ್ ಲಿಂಕ್ ನಿಮ್ಮ ಆಳದ ಸ್ಕ್ರೂ.
ಗಿಡ್ಡ ಮಾಡಿದರೆ ಉಪಕರಣದ ಮೂಗು ಕೆಳಗಾಗಿ ಮಣ್ಣು ಕಚ್ಚುತ್ತದೆ. ಉದ್ದ ಮಾಡಿದರೆ ಹಿಮ್ಮಡಿ ಕೆಳಗಾಗಿ ತೇಲುತ್ತದೆ. ಕಲ್ಟಿವೇಟರ್‌ನ ಹಿಂದಿನ ಹಲ್ಲುಗಳು ಬರೀ ಮೇಲೆ ಕೆರೆಯುತ್ತಿದ್ದರೆ ಟಾಪ್ ಲಿಂಕ್ ಗಿಡ್ಡ ಇದೆ ಎಂದೇ ಅರ್ಥ. ಅರ್ಧ ಸುತ್ತು ತಿರುಗಿಸಿ, ಇಪ್ಪತ್ತು ಹೆಜ್ಜೆ ಹೊಡೆಯಿರಿ, ಇಳಿದು ಸ್ಕೇಲ್ ಹಚ್ಚಿ ಆಳ ನೋಡಿ, ಮತ್ತೆ ಅರ್ಧ ಸುತ್ತು. ಸರಿಬಂದ ಮೇಲೆ ಲಾಕ್ ನಟ್ ಬಿಗಿಯಿರಿ. ರೋಟಾವೇಟರ್‌ನಲ್ಲಿ ಇನ್ನೊಂದು ಎಚ್ಚರ: ಇದೇ ಲಿಂಕ್, ಇಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಪಿಟಿಒ ಶಾಫ್ಟಿನ ಕೋನವನ್ನೂ ಬದಲಿಸುತ್ತದೆ. ತಿರುವಿನಲ್ಲಿ ಪಿಟಿಒ ಬಿಡಿಸದೆ ತೀರಾ ಮೇಲಕ್ಕೆತ್ತಿದರೆ ಕಟಕಟ ಸದ್ದು ಬರುತ್ತದೆ. ಅದು ಯೂನಿವರ್ಸಲ್ ಜಾಯಿಂಟ್ ಸವೆಯುವ ಸದ್ದು, ಅಂದರೆ ನಿಮ್ಮ ಲಾಭ ಸವೆಯುವ ಸದ್ದು.

7. ಎರಡು ಲಿವರ್‌ಗಳ ಗೊಂದಲ ಇವತ್ತೇ ಮುಗಿಸಿ.
ಹೆಚ್ಚಿನವರು ಸೋಲುವುದು ಇಲ್ಲಿ. ಪೊಸಿಶನ್ ಕಂಟ್ರೋಲ್ ಅಂದರೆ ನೀವು ಹೇಳಿದ ಎತ್ತರದಲ್ಲೇ ಲಿಂಕ್ ನಿಲ್ಲುವುದು; ರೋಟಾವೇಟರ್, ಸ್ಪ್ರೇಯರ್, ಲೆವೆಲರ್‌ಗೆ ಇದು. ಡ್ರಾಫ್ಟ್ ಕಂಟ್ರೋಲ್ ಅಂದರೆ ಎಳೆಯುವ ಭಾರವನ್ನು ಒಂದೇ ಮಟ್ಟದಲ್ಲಿ ಇಡುವುದು, ನೇಗಿಲಿಗೆ ಇದು. ಗಟ್ಟಿ ಜಾಗ ಬಂದರೆ ಹೈಡ್ರಾಲಿಕ್ ತಾನೇ ನೇಗಿಲನ್ನು ತುಸು ಎತ್ತುತ್ತದೆ, ದಾಟಿದ ಮೇಲೆ ಇಳಿಸುತ್ತದೆ. ಆದರೆ ಮಣ್ಣು ಮೆತ್ತಗಾದ ಕಡೆ ಅದೇ ಡ್ರಾಫ್ಟ್ ನೇಗಿಲನ್ನು ಬೇಕಾದ್ದಕ್ಕಿಂತ ಆಳಕ್ಕೆ ಇಳಿಸೀತು. ಕಾಲುವೆ ನೀರು ಉಂಡ ಹೊಲದ ಮೂಲೆಯಲ್ಲಿ ಲಿವರ್ ಮೇಲೆ ಕೈ ಇರಲಿ.

ಕೂರಿಗೆಯ ಮಾತೇ ಬೇರೆ. ಬಿತ್ತುವಾಗ ಲಿವರ್ ಪೂರ್ತಿ ಇಳಿಸಿ, ಕೂರಿಗೆ ತನ್ನ ಗಾಲಿಯ ಮೇಲೆ ತಾನು ನಡೆಯಲಿ. ಬೀಜ ಬೀಳಿಸುವುದು ಆ ಗಾಲಿ. ಏರುತಗ್ಗಿನಲ್ಲಿ ಗಾಲಿ ನೆಲ ಬಿಟ್ಟರೆ ಬೀಜ ನಿಲ್ಲುತ್ತದೆ. ಮೇಲೆ ಕುಳಿತ ನಿಮಗೆ ಗೊತ್ತಾಗುವುದಿಲ್ಲ, ಎರಡು ವಾರದ ಮೇಲೆ ಬೋಳು ಸಾಲು ನೋಡಿ ಊರಿಗೆಲ್ಲ ಗೊತ್ತಾಗುತ್ತದೆ.

8. ಚೈನು ಬಿಗಿಯಿರಿ.
ರೋಟಾವೇಟರ್, ಕೂರಿಗೆಗೆ ಅಕ್ಕಪಕ್ಕದ ಓಲಾಟ ಒಂದೆರಡು ಇಂಚು ಸಾಕು. ನೇಗಿಲಿಗೆ ಸ್ವಲ್ಪ ಹೆಚ್ಚು ಬಿಡಿ. ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೋ ಇಂಡಿಯ ನಿಂಬೆ ತೋಟಕ್ಕೋ ಕೆಲಸಕ್ಕೆ ಹೋದರೆ ಸಡಿಲ ಚೈನು ಗಿಡದ ಬುಡಕ್ಕೆ, ಡ್ರಿಪ್ ಪೈಪಿಗೆ ಪೆಟ್ಟು. ಮಾಲೀಕರು ಎರಡನೇ ಸಲ ಕರೆಯುವುದಿಲ್ಲ.

9. ಶಾಫ್ಟ್ ಹತ್ತಿರ ಟವೆಲ್ ಬೇಡ.
ಪಿಟಿಒ ಶಾಫ್ಟಿನ 540 ಆರ್‌ಪಿಎಂ ಅಂದರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್ ಸಿಕ್ಕಿತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಪ್ಲಾಸ್ಟಿಕ್ ಗಾರ್ಡ್ ಬಿಚ್ಚಿ ಎಸೆಯಬೇಡಿ.

10. ‘ನನ್ಗ ಬರಂಗಿಲ್ಲ’ ಅನ್ನುವುದನ್ನು ಚಟ ಎಂದು ತಿಳಿಯಿರಿ.
“ಪುಸ್ತಕ ಇಂಗ್ಲಿಷ್‌ನಾಗ ಐತ್ರಿ, ಮಿಸ್ತ್ರಿ ನೋಡ್ತಾನ” ಎನ್ನುವವನು ಹತ್ತು ವರ್ಷದ ಮೇಲೂ ಅದನ್ನೇ ಅನ್ನುತ್ತಾನೆ. ಮ್ಯಾನ್ಯುಯಲ್‌ನಲ್ಲಿ ಚಿತ್ರಗಳಿವೆ, ಅವುಗಳಿಂದ ಶುರುಮಾಡಿ. ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಪ್ರಶ್ನೆ ಕೇಳಿ, ನಾಚಿಕೆ ಬೇಡ.

11. ಸೆಟ್ಟಿಂಗ್ ಬರೆದಿಡಿ.
ಒಂದು ಸಣ್ಣ ನೋಟ್‌ಬುಕ್ ಸೀಟಿನ ಕೆಳಗೆ ಇರಲಿ. ಉಪಕರಣದ ಹೆಸರು, ಟಾಪ್ ಲಿಂಕ್ ಹಾಕಿದ ತೂತು, ಅದರ ಉದ್ದ, ಲಿಫ್ಟ್ ರಾಡ್ ಉದ್ದ, ಬಂದ ಆಳ, ಹೊಲದ ಹದ. ಸರಿಬಂದ ಜಾಗಕ್ಕೆ ಪೇಂಟಿನ ಗುರುತು ಹಾಕಿ. ಮುಂದಿನ ಸಲ ಅದೇ ಉಪಕರಣ ಕಟ್ಟಿದಾಗ ನೀವು ಹುಡುಕುವುದಿಲ್ಲ, ನೇರ ಹಾಕುತ್ತೀರಿ. ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಡುವ ರೈತ ಇದನ್ನು ನೋಡುತ್ತಿರುತ್ತಾನೆ. ರೇಟ್ ಮಾತಾಡುವಾಗ ಆ ನೋಟ್‌ಬುಕ್ ಮೇಜಿನ ಮೇಲೆ ಇಡಿ.