ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿಯ ಗೃಹಶುಶ್ರೂಷೆ

ನಮ್ಮ ಕಾಸರಗೋಡಿನ ಕಡೆ ನಾಯಿಯಿಲ್ಲದ ಅಂಗಳ ಅಪರೂಪ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೆ ಮೊದಲು ಬೊಗಳುವುದು ಅದು. ಶಾಲೆಯಿಂದ ಮರಳುವ ಮಕ್ಕಳನ್ನು ಗದ್ದೆಯ ಬದುವಿನ ತನಕ ಬಂದು ಎದುರುಗೊಳ್ಳುವುದೂ ಅದೇ. ಆದರೆ ಆ ನಾಯಿ ಹೆಣ್ಣಾಗಿದ್ದು ಮರಿಯಿಟ್ಟಿತೆಂದರೆ ಮನೆಯ ಹಿರಿಯರ ಮುಖ ಬಾಡುತ್ತದೆ. ಮರಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಅನೇಕ ಮನೆಗಳಲ್ಲಿ ದೊರೆಯುವ ಉತ್ತರ ಹೇಳಿಕೊಳ್ಳುವಂಥದಲ್ಲ.

ನಮ್ಮ ಮನೆಯ ಕೆಂಪಿ ಒಮ್ಮೆ ಆರು ಮರಿಗಳನ್ನು ಹೆತ್ತಿತು. ಎರಡಕ್ಕೆ ಆಶ್ರಯ ದೊರೆಯಿತು. ಉಳಿದ ನಾಲ್ಕನ್ನು ನಾವು ಗೋಣಿಚೀಲದಲ್ಲಿ ಕಟ್ಟಿ ಪೇಟೆಯ ಬದಿಗೆ ಬಿಟ್ಟುಬಂದೆವು. ಕೆಲವು ದಿನಗಳ ಮೇಲೆ ಶಾಲೆಯಿಂದ ಬಂದ ಮಗಳು ಊಟಕ್ಕೆ ಕುಳಿತುಕೊಳ್ಳಲಿಲ್ಲ. “ಅಪ್ಪಾ, ರಸ್ತೆಯಲ್ಲಿ ಎರಡು ಮರಿ ಸತ್ತುಬಿದ್ದಿವೆ. ಅವು ನಮ್ಮ ಕೆಂಪಿಯ ಮರಿಗಳಲ್ಲವೇ?” ಎಂದು ಕೇಳಿದಳು. ನಮಗೆ ಉತ್ತರ ಕೊಡಲಾಗಲಿಲ್ಲ. ಕೆಂಪಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ನಿಶ್ಚಯವಾದುದು ಅಂದು. ಆ ಬಳಿಕ ನಾವು ಕಲಿತುದನ್ನೂ, ತಪ್ಪಿ ಕಲಿತುದನ್ನೂ ಇಲ್ಲಿ ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಸುತ್ತೇವೆ.

೧. ಶಸ್ತ್ರಚಿಕಿತ್ಸೆಯೆಂದರೇನು?

ನಾಯಿಯ ಗರ್ಭಧಾರಣೆಯ ಅವಧಿ ಸುಮಾರು ೬೩ ದಿನ. ಸಾಮಾನ್ಯವಾಗಿ ಅದು ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಒಂದೊಂದು ಬಾರಿಯೂ ಆರು ಮರಿಗಳೆಂದು ಹಿಡಿದರೆ ವರ್ಷಕ್ಕೆ ಹನ್ನೆರಡಾದವು. ಅವುಗಳಲ್ಲಿ ಆರು ಹೆಣ್ಣಾಗಿದ್ದರೆ ಮುಂದಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು.

ಈ ಚಿಕಿತ್ಸೆಯಲ್ಲಿ ಪಶುವೈದ್ಯರು ನಾಯಿಗೆ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ ಹೊಟ್ಟೆಯ ನಡುಗೆರೆಯಲ್ಲಿ ಸೀಳಿ, ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯುತ್ತಾರೆ. ಅನಂತರ ಒಳಗಿನ ಸ್ನಾಯುಪದರವನ್ನೂ ಹೊರಗಿನ ಚರ್ಮವನ್ನೂ ಬೇರೆ ಬೇರೆಯಾಗಿ ಹೊಲಿಯುತ್ತಾರೆ. ಒಳಗಿನ ನೂಲು ಕಾಲಕ್ರಮದಲ್ಲಿ ತಾನಾಗಿ ಕರಗುತ್ತದೆ. ಚರ್ಮದ ಹೊಲಿಗೆಯನ್ನು ಬಹುಮಟ್ಟಿಗೆ ೧೦ರಿಂದ ೧೪ ದಿನಗಳ ಮೇಲೆ ಬಿಚ್ಚುವುದುಂಟು.

ಇದರಿಂದ ಮರಿಗಳಾಗುವುದು ನಿಲ್ಲುವುದಷ್ಟೇ ಅಲ್ಲ. ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೆ ಮುಳುವಾಗುವ ರೋಗವೂ ತಪ್ಪುತ್ತದೆ. ಎಳೆಯ ವಯಸ್ಸಿನಲ್ಲೇ ಮಾಡಿಸಿದರೆ ಮೊಲೆಗಳಲ್ಲಿ ಗಡ್ಡೆಯಾಗುವ ಸಂಭವವೂ ಕಡಮೆ. ‘ಒಮ್ಮೆಯಾದರೂ ಹೆರಬೇಕು, ಇಲ್ಲವಾದರೆ ನಾಯಿಗೆ ಕೇಡು’ ಎಂಬ ಮಾತಿಗೆ ಆಧಾರವಿಲ್ಲ.

೨. ಮೊದಲ ರಾತ್ರಿ

ಮನೆಗೆ ತಂದ ನಾಯಿಗೆ ಅರಿವಳಿಕೆಯ ಮಂಪರು ಪೂರ್ತಿ ಇಳಿದಿರುವುದಿಲ್ಲ. ಅದು ತೂರಾಡಬಹುದು, ನಡುಗಬಹುದು, ಸಣ್ಣಗೆ ನರಳಬಹುದು. ಅರಿವಳಿಕೆಯಿಂದ ದೇಹದ ಕಾವು ತಗ್ಗುವುದರಿಂದ ತಣ್ಣನೆಯ ನೆಲದ ಮೇಲೆ ಮಲಗಿಸಬಾರದು. ಮನೆಯೊಳಗೆ ಗಾಳಿ ನೇರವಾಗಿ ಬೀಸದ ಮೂಲೆಯಲ್ಲಿ ಗೋಣಿಚೀಲ ಹಾಸಿ, ಮೇಲೆ ಒಗೆದು ಒಣಗಿಸಿದ ಬಟ್ಟೆಯನ್ನು ಹರಡಬೇಕು. ಮೆಟ್ಟಿಲು, ಬಾವಿಕಟ್ಟೆಗಳ ಬಳಿಗೆ ಬಿಡಕೂಡದು.

ಎತ್ತಬೇಕಾದರೆ ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂದೊಡೆಗಳ ಹಿಂದೆಯೂ ಕೊಟ್ಟು ಎತ್ತಬೇಕು; ಹೊಟ್ಟೆಯ ಮೇಲೆ ಭಾರ ಬೀಳಬಾರದು. ಮಂಪರಿನಲ್ಲಿಯೂ ನೋವಿನಲ್ಲಿಯೂ ಇರುವ ನಾಯಿ ಸಾಕಿದವರನ್ನೇ ಕಚ್ಚುವ ಸಂಭವವುಂಟು. ಆದುದರಿಂದ ಚಿಕ್ಕ ಮಕ್ಕಳು ಆ ರಾತ್ರಿ ದೂರವಿರತಕ್ಕದ್ದು. ಒಂದು ವೇಳೆ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ವೈದ್ಯರ ಸಲಹೆಯಂತೆ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ತೆಗೆದುಕೊಳ್ಳಬೇಕು. ಸಾಕಿದ ನಾಯಿಯೆಂದು ಅಸಡ್ಡೆ ಮಾಡಬಾರದು.

ಪೂರ್ಣ ಎಚ್ಚರವಾದ ಮೇಲೆ ಸ್ವಲ್ಪಸ್ವಲ್ಪವಾಗಿ ನೀರು ಕೊಡಬೇಕು. ಅದು ನಿಂತರೆ, ಎಂದಿನ ಆಹಾರದ ಅರ್ಧವನ್ನು ಮೆತ್ತಗಿನ ಅನ್ನ ಅಥವಾ ಗಂಜಿಯ ರೂಪದಲ್ಲಿ ಕೊಡಬಹುದು. ಒಂದೆರಡು ಬಾರಿ ವಾಂತಿಯಾದರೆ ಗಾಬರಿಯಿಲ್ಲ. ಮತ್ತೆ ಮತ್ತೆ ಆದರೆ ವೈದ್ಯರಿಗೆ ತಿಳಿಸಬೇಕು. ಮಲವಿಸರ್ಜನೆಗೆ ಎರಡು ಮೂರು ದಿನ ಹಿಡಿಯಬಹುದು. ಮೂತ್ರವು ಮಾತ್ರ ಒಂದು ದಿನದೊಳಗೆ ಆಗಲೇಬೇಕು.

೩. ಹೊಲಿಗೆಯ ರಕ್ಷಣೆ

‘ನಾಯಿಯ ನಾಲಿಗೆಯಲ್ಲೇ ಮದ್ದಿದೆ’ ಎಂಬುದು ನಮ್ಮಲ್ಲಿ ರೂಢಿಯ ಮಾತು. ಆದರೆ ನಾಯಿಯ ಜೊಲ್ಲಿನಲ್ಲಿ ರೋಗಾಣುಗಳಿರುತ್ತವೆ. ನೆಕ್ಕುವುದರಿಂದ ಗಾಯ ಸದಾ ಒದ್ದೆಯಾಗಿರುತ್ತದೆ. ಮುಂದಿನ ಹಲ್ಲುಗಳಿಂದ ಅದು ನೂಲನ್ನು ಕಚ್ಚಿ ಎಳೆದುಬಿಡುತ್ತದೆ. ಇದನ್ನು ತಡೆಯಲು ಬಾಯಗಲಿಸಿದ ಬುಟ್ಟಿಯಂತಹ ಕೊರಳಪಟ್ಟಿಯನ್ನು ತೊಡಿಸುತ್ತಾರೆ. ಅದು ಮೂಗಿನ ತುದಿಗಿಂತ ತುಸು ಮುಂದೆ ಚಾಚಿರಬೇಕು. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಕೊರಳಪಟ್ಟಿಯನ್ನು ಸಹಿಸದ ನಾಯಿಗೆ, ವೈದ್ಯರು ಒಪ್ಪಿದರೆ, ಹಳೆಯ ಹತ್ತಿಯ ಬನಿಯನನ್ನು ಹೊಟ್ಟೆ ಮುಚ್ಚುವಂತೆ ತೊಡಿಸಬಹುದು. ಅದನ್ನು ದಿನವೂ ಬದಲಿಸಬೇಕು.

ನಮ್ಮ ತಾಯಿಯವರು ಕೆಂಪಿಯ ಗಾಯಕ್ಕೆ ಹಚ್ಚಲೆಂದು ಅರಸಿನ ಅರೆದು ತಂದರು. “ಅಜ್ಜೀ, ಡಾಕ್ಟರು ಏನೂ ಹಚ್ಚಬಾರದು ಎಂದಿದ್ದಾರೆ” ಎಂದಳು ಮಗಳು. “ನಿನ್ನ ಮೊಣಕಾಲಿನ ಗಾಯ ಯಾವುದರಿಂದ ಮಾಗಿದ್ದು?” ಎಂದು ತಾಯಿಯವರು ಮುನಿದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಹೊಲಿದ ಗಾಯಕ್ಕೆ ಅರಸಿನ, ಬೂದಿ, ಸುಣ್ಣ, ಎಣ್ಣೆ, ಸೀಮೆಎಣ್ಣೆ ಯಾವುದೂ ಸಲ್ಲದು. ಅವು ಗಾಯವನ್ನು ಕೊಳೆಮಾಡುತ್ತವೆ, ಕೆರಳಿಸುತ್ತವೆ, ಒಳಗಿನ ಸ್ಥಿತಿ ಕಾಣದಂತೆ ಮುಚ್ಚುತ್ತವೆ. ಹೊಲಿಗೆ ಬಿಚ್ಚುವ ತನಕ ಸ್ನಾನವೂ ಬೇಡ. ಮಳೆಗಾಲದಲ್ಲಂತೂ ಒದ್ದೆಯಾಗದಂತೆಯೂ, ನೊಣ ಕುಳಿತು ಹುಳುವಾಗದಂತೆಯೂ ಒಳಗೇ ಇರಿಸಬೇಕು.

ಮನುಷ್ಯರ ನೋವಿನ ಗುಳಿಗೆಗಳನ್ನು ನಾಯಿಗೆ ಕೊಡಲೇಬಾರದು. ಐಬುಪ್ರೊಫೇನ್ ಅದರ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಪ್ಯಾರಸಿಟಮಾಲ್ ಯಕೃತ್ತಿಗೆ ಹಾನಿ ಮಾಡಬಲ್ಲದು. ಪಶುವೈದ್ಯರು ಬರೆದುಕೊಟ್ಟ ಔಷಧವನ್ನು ಹೇಳಿದಷ್ಟು ದಿನವೂ ತಪ್ಪದೆ ಕೊಡಬೇಕು.

೪. ನಮ್ಮ ತಪ್ಪು

ಮೂರನೆಯ ದಿನಕ್ಕೆ ಕೆಂಪಿ ಬಾಲವಾಡಿಸತೊಡಗಿತು. ನಾಲ್ಕನೆಯ ದಿನ ಎಂದಿನಂತೆ ಉಂಡಿತು. ಕಟ್ಟಿಹಾಕಿದುದಕ್ಕೆ ಅದು ಕುಂಯ್‌ಗುಟ್ಟುವುದನ್ನು ನೋಡಲಾರದೆ, ಇನ್ನೇನು ವಾಸಿಯಾಯಿತೆಂದು ನಾವೇ ಸಂಜೆ ಸಂಕಲೆ ಬಿಚ್ಚಿದೆವು. ತೋಟದಂಚಿನಲ್ಲಿ ಮುಂಗುಸಿ ಸುಳಿದದ್ದೇ ತಡ, ಅದು ಜಗಲಿಯಿಂದ ಹಾರಿ ತೋಡಿನ ತನಕ ಓಡಿತು. ಮರುದಿನ ಬೆಳಗ್ಗೆ ನೋಡಿದರೆ ಗಾಯದ ಬಳಿ ಊತ. ಎರಡು ಹೊಲಿಗೆಗಳು ಹರಿದಿದ್ದವು.

ಲವಲವಿಕೆ ಬಂದ ಮಾತ್ರಕ್ಕೆ ಗಾಯ ಕೂಡಿತೆಂದು ಅರ್ಥವಲ್ಲ. ಚರ್ಮ ಮೇಲ್ನೋಟಕ್ಕೆ ಮುಚ್ಚಿಕೊಂಡರೂ ಒಳಗಿನ ಸ್ನಾಯುಪದರಕ್ಕೆ ಬಲ ಬರಲು ಇನ್ನೂ ಕಾಲ ಬೇಕು. ನಾಯಿ ಹಾರಿದಾಗ ಹೊಟ್ಟೆಯ ಒಳಭಾರವೆಲ್ಲ ಆ ನೂಲಿನ ಮೇಲೆಯೇ ಬೀಳುತ್ತದೆ. ಆದುದರಿಂದ ೧೦ರಿಂದ ೧೪ ದಿನ ಓಟ, ಹಾರಾಟ, ಬೇರೆ ನಾಯಿಗಳೊಡನೆ ಆಟ ಯಾವುದೂ ಕೂಡದು. ಮಲಮೂತ್ರಕ್ಕೆ ಮಾತ್ರ ಗಿಡ್ಡ ಹಗ್ಗದಲ್ಲಿ ಹಿಡಿದು, ನಿಧಾನವಾಗಿ ನಡೆಸಿ, ಮರಳಿ ಕರೆತರಬೇಕು.

ಅಂದು ನಮಗೆ ನೆರವಾದುದು ಮಗಳ ನೋಟುಪುಸ್ತಕ. ಅವಳು ದಿನಕ್ಕೆ ಎರಡು ಬಾರಿ ಆಹಾರ, ನೀರು, ಮೂತ್ರ, ಔಷಧ, ಗಾಯದ ಸ್ಥಿತಿ ಎಂದು ಐದು ಅಂಕಣಗಳಲ್ಲಿ ಬರೆದಿಡುತ್ತಿದ್ದಳು. ‘ನಾಲ್ಕನೆಯ ದಿನ, ಸಂಜೆ ೫ ಗಂಟೆ: ಗಾಯ ಒಣಗಿದೆ, ಊತವಿಲ್ಲ’ ಎಂಬ ಸಾಲನ್ನು ಓದಿದ ವೈದ್ಯರು, ಇದು ಹಳೆಯ ಸೋಂಕಲ್ಲ, ರಾತ್ರಿಯ ಓಟದ ಫಲವೆಂದು ಕೂಡಲೇ ತಿಳಿದರು. ಒಳಪದರ ಹರಿದಿಲ್ಲವೆಂದು ಪರೀಕ್ಷಿಸಿ ಮತ್ತೆ ಹೊಲಿದರು. ದಿನಗಳ ಎಣಿಕೆ ಒಂದರಿಂದ ಮೊದಲಾಯಿತು. ನಮ್ಮ ಅವಸರದ ನೋವನ್ನು ಕೆಂಪಿ ಅನುಭವಿಸಬೇಕಾಯಿತು. ಹನ್ನೆರಡು ದಿನಗಳ ಬಳಿಕ ಹೊಲಿಗೆ ಬಿಚ್ಚಿದರು.

೫. ಅಪಾಯದ ಲಕ್ಷಣಗಳು

ಮೊದಲ ದಿನಗಳಲ್ಲಿ ಗಾಯದ ಅಂಚು ನಸುಗೆಂಪಾಗಿರುವುದು, ತುಸು ಉಬ್ಬಿರುವುದು ಸಹಜ. ಆದರೆ ಈ ಕೆಳಗಿನವು ಕಂಡರೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕಾಣತಕ್ಕದ್ದು:

(ಅ) ಒಸಡು ಬಿಳಿಚಿಕೊಂಡು ನಾಯಿ ಬಳಲಿ ಬೀಳುವುದು. ಇದು ಒಳಗೆ ರಕ್ತ ಸೋರುತ್ತಿರುವುದರ ಗುರುತಾಗಿರಬಹುದು.
(ಆ) ಗಾಯದಿಂದ ರಕ್ತ ತೊಟ್ಟಿಕ್ಕುತ್ತಲೇ ಇರುವುದು, ಕೀವು, ದುರ್ವಾಸನೆ, ಹೆಚ್ಚುತ್ತಿರುವ ಊತ.
(ಇ) ಒಂದು ದಿನ ಕಳೆದರೂ ಏನನ್ನೂ ತಿನ್ನದಿರುವುದು, ಮೂತ್ರ ಮಾಡದಿರುವುದು.
(ಈ) ಜ್ವರ. ನಾಯಿಯ ಸಹಜ ಉಷ್ಣತೆ ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್. ಅದು ನಮ್ಮದಕ್ಕಿಂತ ಹೆಚ್ಚಾದುದರಿಂದ ಕೈಯಿಂದ ಮುಟ್ಟಿ ನಿರ್ಣಯಿಸಲಾಗದು. ಹಿರಿಯರು ಉಷ್ಣಮಾಪಕದಿಂದ ನೋಡಬೇಕು.
(ಉ) ಹೊಲಿಗೆ ಬಿಟ್ಟು ಒಳಗಿನ ಭಾಗ ಹೊರಗೆ ಕಾಣುವುದು. ಅದನ್ನು ಒಳಗೆ ತಳ್ಳಲು ಹೋಗದೆ, ಶುಭ್ರವಾದ ಒದ್ದೆ ಬಟ್ಟೆಯಿಂದ ಮುಚ್ಚಿ, ನೆಕ್ಕಲು ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

೬. ಪೋಷಕರಲ್ಲಿ ಒಂದು ಮಾತು

ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಸಾಕುನಾಯಿಗೆ ಚುಚ್ಚುಮದ್ದು ಹಾಕಿಸುವ ಮತ್ತು ಸಂತಾನಹರಣ ಮಾಡಿಸುವ ಹೊಣೆ ಒಡೆಯನದೆಂದು ೨೦೨೩ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಆದರೆ ನಮ್ಮನ್ನು ತಿದ್ದಿದುದು ಕಾಯಿದೆಯಲ್ಲ, ಮಗುವಿನ ಪ್ರಶ್ನೆ. ‘ಒಂದು ನಾಯಿಗೆ ಇಷ್ಟೆಲ್ಲ ಏಕೆ?’ ಎಂದು ನೆರೆಹೊರೆಯವರು ಕೇಳಿಯಾರು. ಹದಿನಾಲ್ಕು ದಿನಗಳ ಎಚ್ಚರವು ಗೋಣಿಚೀಲ ಹೊತ್ತು ಪೇಟೆಗೆ ನಡೆಯುವ ಕೆಲಸವನ್ನು ಶಾಶ್ವತವಾಗಿ ತಪ್ಪಿಸುತ್ತದೆಂದು ಅವರಿಗೆ ಹೇಳಬಹುದು.

ಕೆಂಪಿ ಈಗ ಸೌಖ್ಯವಾಗಿದೆ. ಚಿಕಿತ್ಸೆಯ ಬಳಿಕ ನಾಯಿಗಳು ಬೇಗ ಕೊಬ್ಬುವುದರಿಂದ ಅದರ ಅನ್ನವನ್ನು ಸ್ವಲ್ಪ ಕಡಮೆ ಮಾಡಿದ್ದೇವೆ. ಸಂಜೆಯಾದರೆ ಅದು ಗದ್ದೆಯ ಬದುವಿನಲ್ಲಿ ಮಗಳಿಗಾಗಿ ಕಾದಿರುತ್ತದೆ.

ಅಭ್ಯಾಸ

೧. ಹೊಲಿದ ಗಾಯವನ್ನು ನಾಯಿ ನೆಕ್ಕಬಾರದೇಕೆ? ಮೂರು ಕಾರಣಗಳನ್ನು ಬರೆಯಿರಿ.
೨. ನಾಯಿ ಲವಲವಿಕೆಯಿಂದಿದ್ದರೂ ಅದನ್ನು ಓಡಲು ಬಿಡಬಾರದೇಕೆ?
೩. ನೋಟುಪುಸ್ತಕದ ಒಂದು ಸಾಲು ವೈದ್ಯರಿಗೆ ಹೇಗೆ ನೆರವಾಯಿತು?
೪. ನಿಮ್ಮ ಮನೆಯ ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಕಡೆಯದಾಗಿ ಎಂದು ಹಾಕಿಸಿದ್ದು? ಮನೆಯ ಹಿರಿಯರನ್ನು ಕೇಳಿ ತಿಳಿದು ಬರೆದಿಡಿ.